ಪರಂಗಿ ಹಣ್ಣು ಮತ್ತು ಎದುರುಮನೆಯ ಆಂಟಿ

ಮೊನ್ನೆ ಜಯನಗರದ ಮಾರ್ಕೆಟ್ಟಿನಲ್ಲಿ ಅಂಗಡಿಯವನು ಪರಂಗಿ ಹಣ್ಣನ್ನು ಎರಡು ಹೋಳು ಮಾಡಿ, "ಕಲರ್ ನೋಡಿ ಅಕ್ಕ," ಎಂದು ಮುಂದೆ ಹಿಡಿದ. ಆ ವಾಸನೆಗೆ ತ್ಯಾಗರಾಜನಗರದ ನಮ್ಮ ಹಳೆಯ ಬಾಡಿಗೆ ಮನೆ, ಎದುರುಮನೆಯ ಆಂಟಿ ಎಲ್ಲ ನೆನಪಾಗಿ, ಚೀಲ ಹಿಡಿದು ಹಾಗೇ ನಿಂತುಬಿಟ್ಟೆ...

ಆಂಟಿ ನಿವೃತ್ತ ವಿಜ್ಞಾನಿ. ಮೇವಿನಲ್ಲಿರುವ ಹಳದಿ, ಕಿತ್ತಳೆ ಬಣ್ಣಗಳು ಕೋಳಿಯ ಮೈಯೊಳಗೆ ಏನು ಮಾಡುತ್ತವೆ ಎಂದು ನೋಡುವುದೇ ಅವರ ಕೆಲಸವಾಗಿತ್ತು. "ಸಾವಿರಾರು ಮೊಟ್ಟೆ ಒಡೆದಿದ್ದೀನಿ ಕಣೇ, ಒಂದನ್ನೂ ತಿಂದಿಲ್ಲ. ನನ್ನ ಮಡಿ ಭದ್ರ!" ಎಂದು ನಗುತ್ತಿದ್ದರು. ನಗುವಾಗ ಸೆರಗಿನ ಪಿನ್ನಿಗೆ ಸಿಕ್ಕಿಸಿದ ಬೀಗದ ಕೈ ಅಲ್ಲಾಡುತ್ತಿತ್ತು.

ಮದುವೆಯಾದ ಹೊಸತರಲ್ಲಿ, ಬಸುರಿನ ನಾಲ್ಕನೇ ತಿಂಗಳಿಗೇ ನನ್ನ ಹೊಟ್ಟೆಯಲ್ಲಿದ್ದ ಮಗು ಹೋಯಿತು. ಅದಕ್ಕೆ ಸ್ವಲ್ಪ ಮೊದಲು ನಾನು ಪರಂಗಿ ಹಣ್ಣು ತಿಂದಿದ್ದೆ. ನೋಡಲು ಬಂದವರಿಗೆಲ್ಲ ಅಷ್ಟೇ ಸಾಕಾಯಿತು. "ಕಾನ್ವೆಂಟ್‌ನಲ್ಲಿ ಇಂಗ್ಲಿಷ್ ಕಲಿಸಿದ್ರು, ಬಸುರಿ ಪರಂಗಿ ತಿನ್ಬಾರ್ದು ಅಂತ ಕಲಿಸ್ಲಿಲ್ಲ ನೋಡಿ," ಎಂದರು ಅತ್ತೆಯವರ ತಂಗಿ, ಕಾಫಿ ಲೋಟ ಕೆಳಗಿಡುತ್ತಾ. ನಾನೂ ನಂಬಿಬಿಟ್ಟೆ. ಯಾರು ಬಂದರೂ ಅಡುಗೆಮನೆಯಿಂದ ಹೊರಗೆ ಬರುವುದನ್ನೇ ನಿಲ್ಲಿಸಿದೆ.

ಒಂದು ಮಧ್ಯಾಹ್ನ ಆಂಟಿ ನೇರವಾಗಿ ಅಡುಗೆಮನೆಗೇ ಬಂದು ಸ್ಟೂಲ್ ಎಳೆದು ಕೂತರು. ನಾನು ಕೇಳಿಯೇಬಿಟ್ಟೆ: "ಪರಂಗಿಯ ಆ ಕಿತ್ತಳೆ ಬಣ್ಣ ಒಳಗೆ ಹೋಗಿ ಏನ್ ಮಾಡುತ್ತೆ ಆಂಟಿ?"

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಕೋಳಿ ತಿಂದ ಬಣ್ಣ ಮೊಟ್ಟೆಯ ಹಳದಿ ಭಾಗಕ್ಕೆ ಇಳಿಯುತ್ತದೆ, ಅಲ್ಲಿಂದ ಮರಿಗೆ. ಅಂಥ ಕೆಲವು ಬಣ್ಣಗಳು ಮೈಯಲ್ಲಿ ಎ ವಿಟಮಿನ್ ಆಗಿ ಬದಲಾಗಿ, ಜೀವಕೋಶದ ಒಳಮನೆಗೆ ಹೋಗಿ, ಯಾವ ಜೀನ್ ಈಗ ಏಳಬೇಕು, ಯಾವುದು ಮಲಗಿರಬೇಕು ಎಂಬ ಸೂಚನೆ ಕೊಡುತ್ತವೆ. ಕಣ್ಣು, ಹೃದಯ ಮೂಡುವುದಕ್ಕೂ ಅದು ಬೇಕು.

"ಕಟ್ಟೋ ಕೆಲಸ ಕಣೇ ಅದರದ್ದು. ಚೆನ್ನಾಗಿ ಹಣ್ಣಾಗಿದ್ದ ಪರಂಗಿ ಎರಡು ಹೋಳು ತಿಂದಿದ್ದಕ್ಕೆ ಮಗು ಹೋಗಲ್ಲ. ಯಾಕೆ ಹೋಯ್ತೋ ನನಗೂ ಗೊತ್ತಿಲ್ಲ. ಆದ್ರೆ ನಿನ್ನಿಂದ ಅಲ್ಲ."

ಅಷ್ಟು ದಿನ ಬಾರದಿದ್ದ ಅಳು ಅವತ್ತು ಬಂತು. ಆಂಟಿ ನನ್ನ ಕೈ ಹಿಡಿದುಕೊಂಡರು. ಆಮೇಲೆ, ಯಾರೂ ಕೇಳದಿದ್ದ ಒಂದನ್ನು ಕೇಳಿದರು.

"ಹೆಸರು ಏನಾದ್ರೂ ಅಂದ್ಕೊಂಡಿದ್ಯಾ?"

ನನ್ನ ಗಂಡನಿಗೂ ಹೇಳಿರಲಿಲ್ಲ. ಅವರ ಕಿವಿಯಲ್ಲಿ ಹೇಳಿದೆ. ಅವರು ತಾವೂ ಒಮ್ಮೆ ಮೆಲ್ಲಗೆ ಅದನ್ನು ಹೇಳಿ ನೋಡಿ, "ಚೆನ್ನಾಗಿದೆ," ಎಂದರು...

ಈಗ ನಾವು ಜೆ.ಪಿ. ನಗರದಲ್ಲಿದ್ದೇವೆ. ನನಗೆ ಮಗನಿದ್ದಾನೆ, ಎತ್ತರಕ್ಕೆ ಬೆಳೆದಿದ್ದಾನೆ. ಆಂಟಿ ಹೋಗಿ ಎಷ್ಟೋ ವರ್ಷವಾಯಿತು. ಆ ಹೆಸರನ್ನು ಬಾಯಿಬಿಟ್ಟು ಹೇಳಿದವರು ನಾವಿಬ್ಬರೇ. ಈಗ ಅದು ಗೊತ್ತಿರುವುದು ನನಗೊಬ್ಬಳಿಗೆ.