ಅಪ್ಪನ ಕಾರಿನ ನೀಲಿ

ಯುದ್ಧದ ಕಾಲದಲ್ಲಿ ಸರ್ಕಾರ ಒಯ್ದಿದ್ದ ನಮ್ಮ ಕಾರು ಹೊಸಕೋಟೆಗೆ ಹಿಂತಿರುಗಿ ಬಂದಾಗ ಅದರ ಮೈಯೆಲ್ಲ ಮಿಲಿಟರಿ ಹಸಿರಾಗಿತ್ತು. ಯಾರೋ ಅವಸರದಲ್ಲಿ ಬ್ರಷ್ಷಿನಿಂದ ಬಳಿದಿದ್ದರು. ಬಾಗಿಲ ಹಿಡಿಗಳ ಮೇಲೆ, ಕಿಟಕಿಯ ಗಾಜಿನ ಅಂಚಿನ ಮೇಲೆಲ್ಲ ಬಣ್ಣ ಇಳಿದು ಒಣಗಿತ್ತು. ಅಪ್ಪ ಮಡ್‌ಗಾರ್ಡಿನ ಮೇಲೆ ಅಂಗೈ ಆಡಿಸಿ ಒಳಗೆ ಹೋದರು.

ಅಪ್ಪ ಡಾಕ್ಟರಾಗಿದ್ದರು. ಮನೆಯ ಮುಂದಿನ ಕೋಣೆಯೇ ಅವರ ದವಾಖಾನೆ. ನಂದಗುಡಿ, ಅನುಗೊಂಡನಹಳ್ಳಿ ಕಡೆಯ ಊರುಗಳಿಗೆ ಹೆರಿಗೆಗೋ ಜ್ವರಕ್ಕೋ ಹೋಗಬೇಕಾದರೆ ಆ ಕಾರಿನಲ್ಲೇ ಹೋಗುತ್ತಿದ್ದರು. ದೂರದಿಂದ ನೀಲಿ ಬಣ್ಣ ಕಂಡರೆ ಸಾಕು, ಹೊಲದಲ್ಲಿದ್ದವರು ರಸ್ತೆಗೆ ಬಂದು ಕೈ ಅಡ್ಡ ಹಿಡಿಯುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಹೈಸ್ಕೂಲು ಮುಗಿಸಿದ ನಾನು ದವಾಖಾನೆಯಲ್ಲಿ ಮಿಕ್ಸ್ಚರ್ ಕಲಸುವುದು, ಪುಡಿಗಳ ಪೊಟ್ಟಣ ಕಟ್ಟುವುದು ಮಾಡಿಕೊಂಡಿದ್ದೆ. ಆ ವರ್ಷ ದೊಡ್ಡಬಳ್ಳಾಪುರದ ಒಬ್ಬ ಮೇಷ್ಟರ ಜೊತೆ ನನ್ನ ಮದುವೆ ಗೊತ್ತಾಗಿತ್ತು. ನನ್ನನ್ನು ಗಂಡನ ಮನೆಗೆ ಕರೆದುಕೊಂಡು ಹೋಗುವಾಗ ಕಾರು ತನ್ನ ಮೊದಲಿನ ಬಣ್ಣದಲ್ಲೇ ಇರಬೇಕು ಎಂದು ಅಪ್ಪ ಹಟ ಹಿಡಿದರು.

ಕೋಲಾರದ ರಸ್ತೆಯ ಷೆಡ್ಡಿನಲ್ಲಿ ಬಸ್ಸುಗಳಿಗೆ ಬಣ್ಣ ಹೊಡೆಯುತ್ತಿದ್ದ ಸಾಹೇಬರೊಬ್ಬರಿಗೆ ಕೆಲಸ ವಹಿಸಿದ್ದಾಯಿತು. ಅವರು ನಮ್ಮ ಹಿತ್ತಲಿನಲ್ಲೇ ಕಾರು ನಿಲ್ಲಿಸಿಕೊಂಡು ಮರಳು ಕಾಗದದಿಂದ ಹಸಿರನ್ನು ಉಜ್ಜತೊಡಗಿದರು. ಕೆಳಗೆ ಹಳೆಯ ನೀಲಿ ಇತ್ತೇನೋ ನಿಜ. ಆದರೆ ಬಿಸಿಲಿಗೆ ಮಾಸಿದ್ದ ಅದು ಬಾನೆಟ್ಟಿನ ಮೇಲೆ ಒಂದು ತರಹ ಕಂಡರೆ ಬಾಗಿಲ ಸಂದಿಯಲ್ಲಿ ಇನ್ನೊಂದು ತರಹ ಕಾಣುತ್ತಿತ್ತು. ಬೆಂಗಳೂರಿನಲ್ಲಿ ವಿಚಾರಿಸಿದರೆ ಆ ಬಣ್ಣ ಈಗ ಬರುವುದೇ ಇಲ್ಲ ಎಂದರಂತೆ. ಹಾಗಾಗಿ ಸಾಹೇಬರು ತಾವೇ ನೀಲಿಗೆ ಕಪ್ಪು, ಬಿಳಿ ಬೆರೆಸಿ ತಗಡಿನ ಚೂರುಗಳಿಗೆ ಬಳಿದು ಒಣಗಲು ಇಡುತ್ತಿದ್ದರು. ಹಸಿಯಾಗಿದ್ದಾಗ ಸರಿಯೆನಿಸಿದ್ದು ಒಣಗಿದ ಮೇಲೆ ಬೇರೆಯೇ ಆಗಿರುತ್ತಿತ್ತು. ಆ ಕೆಲಸಕ್ಕೆ ತಾಳ್ಮೆ ಬೇಕು, ಅದು ಅವರಿಗಿತ್ತು.

ಅಪ್ಪನಿಗೆ ಮಾತ್ರ ಯಾವುದೂ ಒಪ್ಪಿಗೆಯಾಗಲಿಲ್ಲ. ಒಂದೊಂದೇ ತಗಡನ್ನು ಮುಖದ ಹತ್ತಿರ ಹಿಡಿದು, ಓರೆ ಮಾಡಿ ನೋಡಿ, ಇದು ಮಂಕು, ಇದು ಹಸಿರು ಎಂದು ಪಕ್ಕಕ್ಕೆ ಹಾಕುತ್ತಿದ್ದರು. ಕೊನೆಗೊಂದು ದಿನ ಸಿಟ್ಟೇ ಬಂತು. ಹಳೆ ಡಬ್ಬಿಯಲ್ಲಿ ಉಳಿದ ಬಣ್ಣವನ್ನೆಲ್ಲ ತಂದು ಕಲಸುತ್ತಿದ್ದೀಯ ಎಂದುಬಿಟ್ಟರು.

"ಡಾಕ್ಟ್ರೇ, ಹಸಿರಿನ ಡಬ್ಬಿ ನಾನು ಮುಟ್ಟೇ ಇಲ್ಲ" ಎಂದರು ಸಾಹೇಬರು. ಅವರ ದನಿ ಏರಲಿಲ್ಲ, ಆದರೆ ಮುಖ ಕೆಂಪಾಗಿತ್ತು.

ಆವತ್ತು ಅಲ್ಲಿಗೇ ಬಿಡಬಹುದಿತ್ತು. ಅಪ್ಪ ಬಿಡಲಿಲ್ಲ. ಬೆಂಚಿನ ಮೇಲೆ ಹರಡಿದ್ದ ತಗಡುಗಳಲ್ಲಿ ಇನ್ನೊಂದನ್ನು ಎತ್ತಿಕೊಂಡು, "ನೋಡು, ಇದೂ ಅಷ್ಟೇ. ನನ್ ಕಾರು ಈ ಬಣ್ಣ ಇರ್ಲೇ ಇಲ್ಲ" ಎಂದು ನನ್ನ ಕೈಗೆ ಕೊಟ್ಟರು.

ಅದು ಸಾಹೇಬರು ಬಳಿದ ತಗಡಾಗಿರಲಿಲ್ಲ. ಸೀಟಿನ ಕೆಳಗಿದ್ದ ಸಲಕರಣೆ ಪೆಟ್ಟಿಗೆಯ ಮುಚ್ಚಳ. ಮಿಲಿಟರಿಯವರು ಅದಕ್ಕೆ ಕೈ ಹಚ್ಚಿರಲಿಲ್ಲ, ಬಿಸಿಲೂ ಸೋಕಿರಲಿಲ್ಲ. ಹೋಲಿಸಿ ನೋಡಲೆಂದು ಸಾಹೇಬರು ಬೆಳಿಗ್ಗೆ ಬಿಚ್ಚಿಟ್ಟಿದ್ದರು. ಕಾರು ಹೊಸದಾಗಿ ಬಂದ ದಿನದ ನೀಲಿ ಅದು. ಅಂಚಿನಲ್ಲಿ ಕೀಲು ಕೂಡ ಹಾಗೇ ಇತ್ತು. ಸಾಹೇಬರು ನನ್ನ ಮುಖ ನೋಡಿದರು, ಆಮೇಲೆ ಬೇರೆ ಕಡೆ ತಿರುಗಿ ಬ್ರಷ್ ತೊಳೆಯತೊಡಗಿದರು. ಅಪ್ಪ ಒಳಗೆ ಹೋಗುವಾಗ ಹೊಸಿಲನ್ನು ಕಾಲಿನಿಂದ ತಡವಿಕೊಂಡು ದಾಟಿದ್ದನ್ನು ನಾನು ಆವತ್ತೇ ಗಮನಿಸಿದ್ದು.

ಒಂದಾದ ಮೇಲೊಂದು ನೆನಪಾಗುತ್ತ ಹೋಯಿತು. ಸೀಸೆಯ ಚೀಟಿ ಓದಿ ಹೇಳು ಎನ್ನುತ್ತಿದ್ದುದು ನನಗೆ ಕಲಿಸಲಿಕ್ಕೆ ಎಂದುಕೊಂಡಿದ್ದೆ. ಹೊಲಿಗೆ ಹಾಕುವ ಸೂಜಿಗೆ ದಾರ ಪೋಣಿಸಲು ನನ್ನನ್ನೇ ಕರೆಯುತ್ತಿದ್ದರು. ಅನುಗೊಂಡನಹಳ್ಳಿಯ ರೈತನೊಬ್ಬ ಕುಡುಗೋಲಿನಿಂದ ಬೆರಳು ಕುಯ್ದುಕೊಂಡು ಬಂದಿದ್ದ. ಅಪ್ಪ ಹಾಕಿದ ಹೊಲಿಗೆ ಸೊಟ್ಟಗೆ ಕೂಡಿ ಬೆರಳು ಬಗ್ಗಿಯೇ ಉಳಿಯಿತು. ಎರಡನೆಯ ಸಲ ಬಂದಾಗ ಅವನೇನೂ ದೂರಲಿಲ್ಲ. ತನ್ನ ಗ್ರಹಚಾರ ಎಂದುಕೊಂಡು ಹೋದ.

ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ದವಾಖಾನೆಯ ಬಾಗಿಲು ಮುಂದೆ ಮಾಡಿಕೊಂಡು ಅಪ್ಪನ ಮುಂದೆ ಕೂತೆ. ಅವರು ಆರಾಮಕುರ್ಚಿಯಲ್ಲಿ ಒರಗಿದ್ದರು. ಆ ಮುಚ್ಚಳ ಯಾವುದು ಎಂದು ಹೇಳಿದೆ.

ಅಪ್ಪ ಎರಡೂ ಕಣ್ಣನ್ನು ಅಂಗೈಯಿಂದ ಉಜ್ಜಿಕೊಂಡರು. ಆಮೇಲೆ, "ಪೊರೆ ಕಣವ್ವ. ಎರಡೂ ಕಣ್ಗೂ ಬಂದೈತೆ" ಎಂದರು. "ಮಂಜು ಕವಿದ ಹಂಗೆ ಕಾಣ್ತದೆ ಅನ್ನೋದು ಗೊತ್ತಿತ್ತು. ಬಣ್ಣನೂ ಹೋಗೈತೆ ಅನ್ನೋದು ಮಾತ್ರ ಗೊತ್ತಿರ್ಲಿಲ್ಲ."

"ಯಾಕಪ್ಪ ಹೇಳ್ಲಿಲ್ಲ?"

"ನಿನ್ ಮದ್ವೆ ಆಗೋಗ್ಲಿ ಅಂತಿದ್ದೆ. ಕುರುಡು ಡಾಕ್ಟ್ರ ಮಗಳು ಅನ್ನಿಸ್ಕೊಂಡು ನೀನು ಹೋಗೋದು ಬ್ಯಾಡ."

ನನಗೆ ಅಳು ಬರಲಿಲ್ಲ, ಕೋಪ ಬಂತು. ಅಷ್ಟರಲ್ಲಿ ಯಾರಿಗಾದರೂ ಔಷಧಿ ಅದಲುಬದಲಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಹಾಗೇನೂ ಆಗಿಲ್ಲ ಎಂದು ಹೇಳಲು ಅಪ್ಪನಿಗೂ ಧೈರ್ಯವಿರಲಿಲ್ಲ, ನನಗೂ ಇರಲಿಲ್ಲ. ಆ ವರ್ಷ ವಾಸಿಯಾಗದೆ ಹೋದವರ ಮುಖಗಳೆಲ್ಲ ಎಷ್ಟೋ ಕಾಲ ನನ್ನನ್ನು ಕಾಡಿದವು.

ಮಾರನೆಯ ದಿನದಿಂದ ಸಾಹೇಬರು ಬರಲಿಲ್ಲ. ಅಪ್ಪ ನನ್ನ ಹೆಗಲು ಹಿಡಿದುಕೊಂಡು ಷೆಡ್ಡಿಗೆ ನಡೆದರು. ಅಲ್ಲಿ ಬಸ್ಸಿನವರೆಲ್ಲ ಇದ್ದರು. ಅವರೆದುರಿಗೇ, "ತಪ್ಪು ನಿನ್ ಬಣ್ಣದ್ದಲ್ಲ, ನನ್ ಕಣ್ಣಿಂದು" ಎಂದರು. ಸಾಹೇಬರು ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಚಾ ತರಿಸಿದರು. ಊರಿಗೆಲ್ಲ ವಿಷಯ ತಿಳಿದದ್ದು ಹೀಗೆ. ಕೆಲವು ರೋಗಿಗಳು ಬರುವುದನ್ನು ನಿಲ್ಲಿಸಿದರು. ದೊಡ್ಡಬಳ್ಳಾಪುರದಿಂದ ಬೀಗರು ಬಂದರು. ಅವರು ಮದುವೆ ಮುಂದಕ್ಕೆ ಹಾಕೋಣ, ಮೊದಲು ಕಣ್ಣು ತೋರಿಸಿ ಎಂದಷ್ಟೇ ಹೇಳಿ ಹೋದರು.

ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ಒಂದು ಕಣ್ಣಿಗೆ ಆಪರೇಷನ್ ಆಯಿತು. ತಲೆಯ ಎರಡೂ ಬದಿಗೆ ಮರಳು ಚೀಲ ಇಟ್ಟು, ಅಲುಗಾಡಬಾರದು, ಕೆಮ್ಮಬಾರದು ಎಂದು ಮಲಗಿಸಿದ್ದರು. ಜೀವಮಾನವೆಲ್ಲ ರೋಗಿಗಳಿಗೆ ಹೇಳುತ್ತಿದ್ದ ಮಾತುಗಳನ್ನು ಈಗ ಅಪ್ಪ ಕೇಳಿಸಿಕೊಳ್ಳಬೇಕಾಯಿತು. ನಾನು ಚಮಚದಿಂದ ಗಂಜಿ ಕುಡಿಸುತ್ತಿದ್ದೆ. ಅವರ ಕೈ ನನ್ನ ಸೆರಗನ್ನು ಹಿಡಿದೇ ಇರುತ್ತಿತ್ತು.

ಅಷ್ಟರಲ್ಲಿ ಸಾಹೇಬರು ಆ ಮುಚ್ಚಳವನ್ನೇ ಮುಂದಿಟ್ಟುಕೊಂಡು ಬಣ್ಣ ಕೂಡಿಸಿ ಕಾರು ಮುಗಿಸಿದ್ದರು. ದಪ್ಪ ಕನ್ನಡಕ ಹಾಕಿಕೊಂಡು ಬಂದ ಅಪ್ಪ ಕಾರಿನ ಮುಂದೆ ನಿಂತು ಬೆಚ್ಚಿದರು. "ಇಷ್ಟೊಂದು ನೀಲಿ ಇತ್ತಾ?" ಎಂದು ನನ್ನನ್ನು ಕೇಳಿದರು. ಪೊರೆ ತೆಗೆದ ಕಣ್ಣಿಗೆ ನೀಲಿ ಎದ್ದು ಕಾಣುತ್ತದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಮುಚ್ಚಳವನ್ನು ಬಾಗಿಲಿಗೆ ಒತ್ತಿ ಹಿಡಿದು, ಎರಡರ ನಡುವೆ ಗೆರೆ ಎಲ್ಲಿದೆ ಎಂದು ಹುಡುಕಿ, ಎರಡೂ ಒಂದೇ ಎಂದು ಒಪ್ಪಿಕೊಂಡರು. ಆದರೆ ತಮ್ಮ ಮನಸ್ಸಿನಲ್ಲಿದ್ದ ಕಾರು ಇದಲ್ಲ ಎಂದೂ ಮೆಲ್ಲಗೆ ಹೇಳಿದರು. ಸಾಹೇಬರು ಬೇಜಾರು ಮಾಡಿಕೊಳ್ಳಲಿಲ್ಲ.

ಅಪ್ಪ ಮತ್ತೆ ಸೂಜಿ ಹಿಡಿಯಲಿಲ್ಲ, ಸ್ಟೀರಿಂಗೂ ಹಿಡಿಯಲಿಲ್ಲ. ದವಾಖಾನೆಯನ್ನು ಹೊಸದಾಗಿ ಓದಿ ಬಂದ ಡಾಕ್ಟರೊಬ್ಬರಿಗೆ ಬಿಟ್ಟುಕೊಟ್ಟು, ತಾವು ಪಕ್ಕದ ಕುರ್ಚಿಯಲ್ಲಿ ಕೂತು ಬಂದವರನ್ನು ಮಾತಾಡಿಸುತ್ತಿದ್ದರು. ನನ್ನ ಮದುವೆ ಆಯಿತು. ದೊಡ್ಡಬಳ್ಳಾಪುರಕ್ಕೆ ಹೊರಟಾಗ ಬಾಡಿಗೆಯ ಡ್ರೈವರ್ ಕಾರು ನಡೆಸಿದ. ಅಪ್ಪ ಅವನ ಪಕ್ಕದಲ್ಲಿ ಕೂತು, ತಿರುವು ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ಕಾಲಿನಿಂದ ತುಳಿಯುತ್ತಿದ್ದರು.