ಉಡಿಗೆ ಬಿದ್ದ ಪದಕ

ಉಪ್ಪಲ್‌ನ ಅಂಬವ್ವ ಮೊಣಕಾಲು ನೋವಿಗೆ ಮಾಡದ ಔಷಧವಿಲ್ಲ. ನೋವು ಗುಣವಾಗಲಿಲ್ಲ, ಕಂಡವರಿಗೆಲ್ಲ ಔಷಧ ಹಂಚುವ ಅವಳ ಗುಣವೂ ಹೋಗಲಿಲ್ಲ. ಬಸುರಿ ಸೊಸೆ ಸ್ನೇಹಲತಾಳ ಕುಬಸದ ದಿನ ಅಕ್ಕಿ, ಕೊಬ್ಬರಿಯ ಜೊತೆ ಸರ್ವರೋಗ ಕಳೆಯುವ ‘ಶಕ್ತಿ ಪದಕ’ವೊಂದನ್ನೂ ಉಡಿಗೆ ಹಾಕಿದಳು. ಸೊಸೆ ಅದನ್ನು ಕೊರಳಿಗೆ ಕಟ್ಟಿಕೊಂಡಳು.

ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಮಗ ಮಹೇಶಕುಮಾರನಿಗೆ ಅನುಮಾನ ಬಂತು. ವಿಕಿರಣ ಅಳೆಯುವ ಯಂತ್ರ ತಂದು ಪದಕದ ಹತ್ತಿರ ಹಿಡಿದ. ಯಂತ್ರ ಒಗ್ಗರಣೆಯ ಸಾಸಿವೆಯಂತೆ ಚಟಪಟಗುಟ್ಟಿತು.

“ಯವ್ವಾ, ಇದರಾಗ ಥೋರಿಯಂ ಪುಡಿ ಐತಿ. ಹಗಲೂರಾತ್ರಿ ಮೈಗೆ ಹತ್ತಿದ್ರ ಕೂಸಿಗೆ ಛಲೋ ಅಲ್ಲ. ತಗಸಿ ತಿರುಗಿ ತಗೋ.”

ಸ್ನೇಹಲತಾ ಪದಕವನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. “ಉಡಿಗೆ ಬಿದ್ದದ್ದು ತಿರುಗಿ ಕೊಡಬಾರದ್ರಿ ಅತ್ತಿ. ಕೂಸಿಗೆ ಅಪಶಕುನ.”

ಅಂಬವ್ವ ಒಂದಿಷ್ಟೂ ತಡವರಿಸಲಿಲ್ಲ. ಸೊಸೆಯ ಮುಂದೆ ಕೂತು ಸೆರಗೊಡ್ಡಿದಳು. “ತಿರುಗಿ ಯಾಕ ಕೊಡ್ತಿ? ನಾನೂ ಮುತ್ತೈದಿ ಅದೀನಿ. ನನ್ನ ಉಡಿ ತುಂಬು.”

ಸ್ನೇಹಲತಾ ನಕ್ಕುಬಿಟ್ಟಳು. ಹಿಡಿ ಅಕ್ಕಿಯೊಡನೆ ಪದಕ ಅತ್ತೆಯ ಸೆರಗಿಗೆ ಬಿತ್ತು. ಮಹೇಶಕುಮಾರ ಅದನ್ನು ಚಿಮಟದಲ್ಲಿ ಎತ್ತಿ ಡಬ್ಬಿಗೆ ಹಾಕಿದ.

“ಡಬ್ಬಿ ಮುಚ್ಚಬ್ಯಾಡೋ,” ಎನ್ನುತ್ತ ಅಂಬವ್ವ ಮೊಣಕಾಲು ಹಿಡಿದು ಎದ್ದಳು. “ಮೊನ್ನಿ ಮ್ಯಾಲಿನ ಮನಿ ಗಂಗಾನ ಉಡಿಗೂ ಇಂಥಾದ್ದೊಂದು ಹಾಕೀನಿ.”