ಸೀಟಿನ ಕೆಳಗಿನ ಸದ್ದು

ನಿಮ್ಮ ಅಜ್ಜನ ಹತ್ತಿರ ಒಂದು ಸಣ್ಣ ಪೆಟ್ರೋಲ್ ಟ್ರಕ್ಕಿತ್ತು. ಹಳೆಯದು, ಇಬ್ಬರ ಕೈ ದಾಟಿ ನಮ್ಮ ಬಾಗಿಲಿಗೆ ಬಂದದ್ದು. ಅದರ ಇಂಜಿನ್ ಮುಂದುಗಡೆ ಇರಲಿಲ್ಲ, ನಾವು ಕೂರುವ ಸೀಟಿನ ಕೆಳಗೇ ಇತ್ತು. ಆಗ ಬಾಲಾನಗರದ ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ನಮ್ಮ ಒಂದು ಕೋಣೆಯ ಮನೆ. ಅವರು ಕಟ್ಟಡಗಳಿಗೆ ಕಬ್ಬಿಣದ ಸರಳು, ಸೆಂಟ್ರಿಂಗ್ ಹಲಗೆ ಸಾಗಿಸುತ್ತಿದ್ದರು. ಬೆಳಿಗ್ಗೆ ಲೋಡ್ ಹಾಕುವ ಮೊದಲು ನಿಮ್ಮ ಅವ್ವನನ್ನು ಶಾಲೆಗೆ, ನನ್ನನ್ನು ಮಿಯಾಪುರದಲ್ಲಿ ಅಡುಗೆ ಕೆಲಸದ ಮನೆಗೆ ಬಿಡುತ್ತಿದ್ದರು. ನಿಮ್ಮ ಅವ್ವ ಆಗ ಒಂಬತ್ತನೆಯ ತರಗತಿ. ಅವಳು ನಡುವೆ, ನಾನು ಕಿಟಕಿಯ ಕಡೆ. ದಾರಿಯುದ್ದಕ್ಕೂ ಮೆಟ್ರೊ ಕಂಬಗಳು ಏಳುತ್ತಿದ್ದವು.

ನಾನು ಓದಿದ್ದು ಊರಿನ ಶಾಲೆಯಲ್ಲಿ, ಏಳನೆಯವರೆಗೆ. ನಾಲ್ಕು ಜನರ ಮುಂದೆ ಬಾಯಿ ಬಿಡಲು ನನಗೆ ಇವತ್ತಿಗೂ ಆಗುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಇದನ್ನು ನಿಮ್ಮ ಅವ್ವನಿಗೂ ನಾನು ಹೇಳಿಲ್ಲ.

ನಮ್ಮ ಅಪ್ಪ ಎತ್ತುಗಳ ಕೊರಳಿಗೆ ಕರಿ ಉಣ್ಣೆಯ ಹುರಿಯಲ್ಲಿ ಕವಡೆ ಪೋಣಿಸಿ ಕಟ್ಟುತ್ತಿದ್ದ, ಕಣ್ಣು ತಾಗದಿರಲೆಂದು. ಟ್ರಕ್ಕು ಬಂದ ಮೇಲೆ ಮಹಾನವಮಿಗೆ ನಾನೂ ಸೀಟು ಎತ್ತಿಸಿ ಇಂಜಿನ್ನಿಗೆ ಅರಿಸಿನ ಕುಂಕುಮ ಹಚ್ಚಿ ಕವಡೆಯ ಹುರಿ ಕಟ್ಟುತ್ತಿದ್ದೆ. ಕೊರಳಿನ ಹಾಗೆ ಬಾಗಿದ ಒಂದು ರಬ್ಬರ್ ಪೈಪು ಇತ್ತು, ಅದಕ್ಕೇ ಕಟ್ಟುವುದು. ಒಂದು ವರ್ಷ ಹುರಿ ಬಿಸಿಗೆ ಸುಟ್ಟು ಉದುರಿಹೋಯಿತು. ಮರುವರ್ಷ ನಾನು ಉಣ್ಣೆಯ ಜೊತೆಗೆ ಸರಳು ಬಿಗಿಯುವ ಬೈಂಡಿಂಗ್ ವೈರ್ ಸೇರಿಸಿ ಹೊಸೆದು, ಎರಡು ಸುತ್ತು ಬಿಗಿಯಾಗಿ ತಿರುವಿ ಕಟ್ಟಿದೆ. ಅಂಥ ತಂತಿ ನಮ್ಮ ಮನೆಯ ಮೂಲೆಯಲ್ಲಿ ಯಾವಾಗಲೂ ಬಿದ್ದಿರುತ್ತಿತ್ತು.

“ತಂತಿ ಯಾಕ? ಬರೇ ದಾರ ಸಾಕಲ್ಲ,” ಅಂದರು ಅವರು.

ಬೀಳಬಾರದು ಅಂತ, ಅಂದೆ. ಅವರು ಸೀಟು ಇಳಿಸಿದರು.

ದೀಪಾವಳಿ ಕಳೆದು ಒಂದು ತಿಂಗಳಾಗಿರಬೇಕು. ಸಿಗ್ನಲ್ಲಿನಲ್ಲಿ ನಿಂತಾಗ ಟ್ರಕ್ಕು ನಡುಗಲು ಶುರುವಾಯಿತು. ಓಡುವಾಗ ಏನೂ ಇಲ್ಲ. ನಿಂತರೆ ಚಳಿಜ್ವರ ಬಂದವರ ಹಾಗೆ ನಡುಗಿ, ಎರಡು ಸಲ ಕೆಮ್ಮಿ, ಬಂದಾಗಿಬಿಡುತ್ತಿತ್ತು. ಹಿಂದಿನ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು.

“ಇದಕ್ಕೂ ನಿನಗೂ ಒಂದ ಚಾಳಿ,” ಅಂತ ಅವರು ನನ್ನನ್ನು ಕಾಡುತ್ತಿದ್ದರು. “ಮಂದಿ ನಡುವ ನಿಂತ್ರ ನಡಗತೀರಿ.” ನಿಮ್ಮ ಅವ್ವ ನಗುತ್ತಿದ್ದಳು. ನಾನೂ ನಕ್ಕಿದ್ದೆ.

ಬಂದಾಗದಿರಲೆಂದು ಅವರು ಬಲಗಾಲನ್ನು ಅಡ್ಡ ಇಟ್ಟು, ಹಿಮ್ಮಡಿಯಲ್ಲಿ ರೇಸ್ ಕೊಡುತ್ತ ಬೆರಳುಗಳಲ್ಲಿ ಬ್ರೇಕ್ ಒತ್ತುವುದನ್ನು ಅಭ್ಯಾಸ ಮಾಡಿಕೊಂಡರು.

ಗಲ್ಲಿಯ ತುದಿಯಲ್ಲಿ ಬೀದರ್ ಕಡೆಯ ಗಾಡಿ ರಿಪೇರಿ ಮಾಡುವ ಒಬ್ಬ ಹಿರಿಯ ಮಿಸ್ತ್ರಿ ಇದ್ದರು. ಅವರ ಮೇಲೆ ಎಲ್ಲರಿಗೂ ನಂಬಿಕೆ. ಪ್ಲಗ್ಗು ಬದಲಿಸಿದರು, ಪೆಟ್ರೋಲ್ ಫಿಲ್ಟರ್ ಬದಲಿಸಿದರು, ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯನ್ನು ಬಿಚ್ಚಿ ಮಸಿ ತೊಳೆದರು. ಎರಡು ದಿನ ಚೆನ್ನಾಗಿತ್ತು ಅನ್ನಿಸಿತು, ಮತ್ತೆ ಅದೇ. ಆಮೇಲೆ ಕೈಯಲ್ಲಿ ಹಿಡಿಯುವ ಒಂದು ಯಂತ್ರ ತಂದು ವೈರು ಚುಚ್ಚಿ ನೋಡಿದರು. ಗಾಳಿ ಹೆಚ್ಚಾಗುತ್ತಿದೆ, ಪೆಟ್ರೋಲ್ ಸಾಲುತ್ತಿಲ್ಲ ಎಂದು ಅದು ತೋರಿಸಿತಂತೆ. ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಒಳಗೆ ನುಗ್ಗುತ್ತಿದೆ ಎಂದು ಒಂದೊಂದೇ ಪೈಪನ್ನು ಬೆರಳಲ್ಲಿ ಬಗ್ಗಿಸಿ ನೋಡುತ್ತ ಬಂದರು. ನಾನು ಚಹಾ ಕೊಡಲು ಹೋದವಳು ಅಲ್ಲೇ ನಿಂತಿದ್ದೆ. ಕವಡೆ ಕಟ್ಟಿದ ಪೈಪಿನ ಹತ್ತಿರ ಅವರ ಕೈ ಬಂತು. ಅರಿಸಿನ ಕಂಡು ಹಿಂದೆ ಸರಿಯಿತು.

“ದೇವರದು ಐತಿ, ಎಣ್ಣಿ ಕೈಲೆ ಮುಟ್ಟಂಗಿಲ್ಲ,” ಅಂದರು.

ಅದು ಮರ್ಯಾದೆಯ ಮಾತು. ಆ ಗಲ್ಲಿಯಲ್ಲಿ ಯಾರೂ ಇನ್ನೊಬ್ಬರ ಗಾಡಿಗೆ ಕಟ್ಟಿದ್ದನ್ನು ಮುಟ್ಟುತ್ತಿರಲಿಲ್ಲ. ಆ ಪೈಪೊಂದನ್ನು ಬಿಟ್ಟು ಮುಂದೆ ಹೋದರು. ಕೊನೆಗೆ ಏನೂ ಸಿಗದೆ, ಒಂದು ಸ್ಕ್ರೂ ತಿರುಗಿಸಿ, ಗಾಡಿ ನಿಂತಾಗಲೂ ಇಂಜಿನ್ ಜೋರಾಗಿ ಓಡುವಂತೆ ಮಾಡಿದರು. ಇನ್ನು ಬಂದಾಗಲ್ಲ, ಸದ್ಯಕ್ಕೆ ನಡೆಯುತ್ತದೆ, ಅಂದರು.

ನಿಜ, ಬಂದಾಗಲಿಲ್ಲ. ಸೋಮವಾರ ಬೆಳಿಗ್ಗೆ ನಿಮ್ಮ ಅಜ್ಜ ಹಾಡು ಗುನುಗುತ್ತ ಹೊರಟರು. ಆದರೆ ಮೊದಲ ಸಿಗ್ನಲ್ಲಿನಲ್ಲೇ ನನ್ನ ತೊಡೆಯ ಕೆಳಗಿನಿಂದ ಒಂದು ಸದ್ದು ಕೇಳಿಸಿತು. ಸೈಕಲ್ ಟ್ಯೂಬಿನಲ್ಲಿ ಸಣ್ಣ ತೂತು ಬಿದ್ದಾಗ ಬರುವಂಥ ಸುಂಯ್ ಎನ್ನುವ ಸದ್ದು. ಮೊದಲೂ ಇತ್ತೇನೋ, ಇಂಜಿನ್ನಿನ ಕೆಮ್ಮಿನಲ್ಲಿ ಕೇಳಿಸಿರಲಿಲ್ಲ. ಅವರು ಬ್ರೇಕ್ ಒತ್ತಿದಾಗಲೆಲ್ಲ ಇಂಜಿನ್ ಒಂದು ಸಲ ಒಳಕ್ಕೆ ಉಸಿರು ಎಳೆದುಕೊಂಡ ಹಾಗೆ ಕುಗ್ಗುತ್ತಿತ್ತು. ಸದ್ದು ಎಲ್ಲಿಂದ ಎಂದು ನನಗೆ ಗೊತ್ತಾಯಿತು. ನಾನು ಕಟ್ಟಿದ ಜಾಗ ನನಗೆ ಗೊತ್ತಿರುವುದಿಲ್ಲವೇ?

ಅವತ್ತು ಹೇಳಲಿಲ್ಲ. ಮಂಗಳವಾರವೂ ಹೇಳಲಿಲ್ಲ. ನನ್ನ ಭ್ರಮೆ ಇರಬಹುದು ಎಂದುಕೊಂಡೆ. ವರ್ಷ ತುಂಬುವ ಮೊದಲು ಕಟ್ಟಿದ್ದನ್ನು ಬಿಚ್ಚಬಾರದು ಎಂದುಕೊಂಡೆ. ಇವೆಲ್ಲ ಮೇಲಿನ ಮಾತು. ತಂತಿ ಬೇಡ ಎಂದು ಅವರು ಹೇಳಿದ್ದರು, ನಾನು ಕೇಳಿರಲಿಲ್ಲ. ಮಿಸ್ತ್ರಿಯ ಮುಂದೆ, ಗಲ್ಲಿಯ ಗಂಡಸರ ಮುಂದೆ ಅದು ನನ್ನ ಕೆಲಸ ಎಂದು ಬಯಲಾಗುವುದು ನನಗೆ ಬೇಡವಾಗಿತ್ತು.

ಬುಧವಾರ ನಿಮ್ಮ ಅಜ್ಜ, ಬ್ರೇಕ್ ಕಲ್ಲಾಗಿದೆ, ಎರಡೂ ಕಾಲು ಹಾಕಿ ತುಳಿಯಬೇಕು, ಅಂದರು. ಹೊಸ ಬ್ರೇಕ್ ಪ್ಯಾಡ್ ಹಾಕಿಸಿ ಸ್ವಲ್ಪ ದಿನವಾಗಿತ್ತು, ಅದಕ್ಕೇ ಇರಬೇಕು ಎಂದುಕೊಂಡರು. ಗುರುವಾರ ಶಾಲೆಯ ಮುಂದೆ ನಿಲ್ಲಿಸುವಾಗ ಟ್ರಕ್ಕು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಒಂದು ಮಾರು ಮುಂದಕ್ಕೆ ಹೋಯಿತು. ರಸ್ತೆ ದಾಟುತ್ತಿದ್ದ ಹುಡುಗಿಯರು ಕೈಕೈ ಹಿಡಿದು ಹಿಂದಕ್ಕೆ ಓಡಿದರು. ಒಬ್ಬಳ ನೀರಿನ ಬಾಟಲಿ ನಮ್ಮ ಗಾಲಿಗೆ ಸಿಕ್ಕಿ ಒಡೆಯಿತು. ನಿಮ್ಮ ಅಜ್ಜ ಹಣೆಯ ಬೆವರು ಒರೆಸಿಕೊಂಡರು. ನಿಮ್ಮ ಅವ್ವ ಏನೂ ಆಗದವಳ ಹಾಗೆ ಇಳಿದು, ಜಡೆ ಸರಿಮಾಡಿಕೊಂಡು, ಒಳಗೆ ಹೋದಳು. ನಾನು ಅವಳ ಬೆನ್ನನ್ನೇ ನೋಡುತ್ತಿದ್ದೆ. ಸೀಟಿನ ಕೆಳಗಿನ ಸದ್ದಿಗೂ ಬ್ರೇಕಿಗೂ ಏನೋ ನಂಟಿದೆ ಅನ್ನಿಸಿತು, ಆಗಲೂ ಬಾಯಿ ಬರಲಿಲ್ಲ.

ಶುಕ್ರವಾರ ಲಿಂಗಂಪಲ್ಲಿಗೆ ಅರ್ಜೆಂಟ್ ಲೋಡಿತ್ತು. ಹಿಂದಿನ ದಿನವೇ ಸರಳು ಹೇರಿ ನಿಲ್ಲಿಸಿದ್ದರು. ನಮ್ಮನ್ನು ದಾರಿಯಲ್ಲಿ ಇಳಿಸಿ ಹಾಗೇ ಮುಂದೆ ಹೋಗುವುದು ಎಂದಾಗಿತ್ತು. ಲಿಂಗಂಪಲ್ಲಿಯಲ್ಲಿ ರೈಲು ಹಳಿಯ ಕೆಳಗೆ ರಸ್ತೆ ಇಳಿಯುತ್ತದೆ. ಬೆಳಗಿನ ಹೊತ್ತು ಅಲ್ಲಿ ಇಳಿಜಾರಿನ ತುದಿಯವರೆಗೆ ಆಟೋ, ಬೈಕು, ನಡೆದು ಹೋಗುವ ಜನ. ನಿಮ್ಮ ಅಜ್ಜ ಮನೆಯ ಮುಂದೆ ಗಾಡಿ ಶುರು ಮಾಡಿ ಹಾರ್ನ್ ಹೊಡೆದರು. ನಿಮ್ಮ ಅವ್ವ ಚೀಲ ಹೆಗಲಿಗೆ ಹಾಕಿಕೊಂಡು ಹತ್ತಲು ಕಾಲೆತ್ತಿದಳು. ನಾನು ಅವಳ ತೋಳು ಹಿಡಿದು ಕೆಳಗೆ ಎಳೆದೆ.

“ಬಸ್ಸಿಗೆ ಹೋಗು,” ಅಂದೆ.

ಯಾಕೆ ಎಂದು ಕೇಳಿದಳು. ನಾನು ಮತ್ತೆ ಅದನ್ನೇ ಹೇಳಿದೆ. ನನ್ನ ದನಿ ಹೇಗಿತ್ತೋ, ಅವಳು ಮರುಮಾತಾಡದೆ ಹೋದಳು. ಅವಳು ತಿರುವು ದಾಟುವವರೆಗೆ ಕಾದೆ.

“ರೀ, ಇಂಜಿನ್ ಬಂದ್ ಮಾಡಬ್ಯಾಡ್ರಿ. ಇಳದು ಸೀಟ್ ಎತ್ರಿ.”

“ಲೋಡ್ ಗಾಡಿ ಐತಿ, ಲೇಟ್ ಆಗಾಕತ್ತೈತಿ. ಏನಾತು ನಿನಗ?”

“ಎತ್ರಿ.”

ಮದುವೆಯಾದಾಗಿನಿಂದ ನಾನು ಅವರಿಗೆ ಹಾಗೆ ಹೇಳಿದ್ದಿಲ್ಲ. ಎತ್ತಿದರು. ನಾನು ಒರೆಸುವ ಬಟ್ಟೆಯನ್ನು ಕೊಡದ ನೀರಿನಲ್ಲಿ ಅದ್ದಿ, ಕವಡೆಯ ಕೆಳಗೆ ಪೈಪಿನ ಸುತ್ತ ಬಿಗಿಯಾಗಿ ಹಿಡಿದೆ. ಒದ್ದೆ ಬಟ್ಟೆಯನ್ನು ಒಳಗಿನಿಂದ ಯಾರೋ ಎಳೆದಂತಾಯಿತು. ಸುಂಯ್ ಎನ್ನುವುದು ನಿಂತಿತು. ಇಷ್ಟು ದಿನದ ನಡುಕವೂ ನಿಂತು ಇಂಜಿನ್ ಒಂದೇ ಸಮನೆ ಓಡತೊಡಗಿತು. ಬಟ್ಟೆ ತೆಗೆದೆ, ನಡುಗಿತು. ಹಿಡಿದೆ, ನಿಂತಿತು. ಅವರು ನನ್ನ ಕೈಯನ್ನು ನೋಡಿದರು, ಆಮೇಲೆ ತಂತಿಯನ್ನು ನೋಡಿದರು.

ಮಿಸ್ತ್ರಿಯನ್ನು ಕರೆತಂದರು. ಈ ಸಲ ನಾನೇ ಇಕ್ಕಳ ಇಸಿದುಕೊಂಡು ತಂತಿ ಕತ್ತರಿಸಿದೆ. ಇಂಜಿನ್ನಿನ ಅಲುಗಾಟಕ್ಕೆ ತಂತಿ ಗರಗಸದ ಹಾಗೆ ರಬ್ಬರನ್ನು ಅರ್ಧ ಸುತ್ತು ಕೊರೆದಿತ್ತು. ಮಿಸ್ತ್ರಿ ಪೈಪನ್ನು ಬಿಚ್ಚಿ ಬೆರಳಲ್ಲಿ ಸ್ವಲ್ಪ ಬಗ್ಗಿಸಿದರು. ಎರಡು ತುಂಡಾಯಿತು.

ಬ್ರೇಕಿಗೆ ಬಲ ಕೊಡುವ ಪೈಪು ಅದೇ, ಇಂಜಿನ್ ಗಾಳಿ ಎಳೆದುಕೊಳ್ಳುವ ಬಲದಲ್ಲೇ ಬ್ರೇಕೂ ಹಗುರವಾಗುತ್ತದೆ ಎಂದು ಆಮೇಲೆ ತಿಳಿಸಿ ಹೇಳಿದರು. ಪೈಪು ಸೀಳಿದ್ದರಿಂದಲೇ ಇಂಜಿನ್ ನಡುಗುತ್ತಿತ್ತು, ಬ್ರೇಕೂ ಕಲ್ಲಾಗಿತ್ತು. ತಾನು ಸ್ಕ್ರೂ ತಿರುಗಿಸಿ ರೋಗ ಮುಚ್ಚಿಟ್ಟೆನಲ್ಲ ಎಂದು ತಲೆ ತಗ್ಗಿಸಿದರು.

“ಈ ಲೋಡ್ ತಗೊಂಡು ಇಳಿಜಾರಿಗೆ ಹೋಗಿದ್ರ ನಿಲ್ತಿರಲಿಲ್ಲ ಅಣ್ಣ,” ಅಂದರು.

ಹೊಸ ಪೈಪು ಹಾಕಿ, ಸ್ಕ್ರೂ ಮೊದಲಿನ ಹಾಗೆ ಮಾಡಿಕೊಟ್ಟರು. ಇಂಜಿನ್ ಸದ್ದಿಲ್ಲದೆ ಓಡಿತು. ಸಂಜೆ ನಿಮ್ಮ ಅವ್ವ ಮನೆಯೊಳಗೆ ಕೂತು ಗಣಿತ ಬಿಡಿಸುತ್ತಿದ್ದಳು. ನಿಮ್ಮ ಅಜ್ಜ ಹೊಸ್ತಿಲಲ್ಲಿ ಕೂತು ಮೆಲ್ಲಗೆ ಕೇಳಿದರು.

“ನಿನಗ ಯಾವಾಗಿಂದ ಗೊತ್ತಿತ್ತು?”

“ಸೋಮವಾರದಿಂದ.”

ಅವರು ಬೈಯಲಿಲ್ಲ. ಸೋಮವಾರದಿಂದ ಗುರುವಾರದವರೆಗೆ ಆ ಸೀಟಿನ ನಡುವೆ ಯಾರು ಕೂತಿದ್ದರು ಎಂದು ಇಬ್ಬರಿಗೂ ಗೊತ್ತಿತ್ತು. ಮರುದಿನದಿಂದ ಅವರು ಮೊದಲು ಒಬ್ಬರೇ ಹತ್ತಿ, ಗಲ್ಲಿಯ ಕೊನೆಯವರೆಗೆ ಓಡಿಸಿ, ಮೂರು ಸಲ ಬ್ರೇಕ್ ಒತ್ತಿ ನೋಡಿ, ಹಿಂದೆ ಬಂದು, ಆಮೇಲೆ ನಿಮ್ಮ ಅವ್ವನನ್ನು ಹತ್ತಿಸಿಕೊಳ್ಳುತ್ತಿದ್ದರು. ಆ ಟ್ರಕ್ಕು ಇರುವವರೆಗೂ ಒಂದು ದಿನವೂ ತಪ್ಪಿಸಲಿಲ್ಲ. ಅವಳು ಹತ್ತುವಾಗ ಅವರು ನನ್ನ ಕಡೆ ಮಾತ್ರ ನೋಡುತ್ತಿರಲಿಲ್ಲ.